ಸಂಡಿಗೆ ಮೇಲೆ ಬಿದ್ದ ಚೆಂಡು

ಹೋದ ಸಂಚಿಕೆಯಲ್ಲಿ ಮುಂಬಯಿಯ ‘ಮೈಸೂರ್ ಮಸಾಲೆ ದೋಸೆ’ಯ ಬಗ್ಗೆ ನಾಲ್ಕು ಮಾತು ಬರೆದಿದ್ದೆನಲ್ಲ, ಅದಕ್ಕೆ ಮನೆಗೆ ಐದು ಫೋನು ಬಂತು. ಮೂವರು ಬೈದರು, ಒಬ್ಬರು ಹೊಗಳಿದರು, ಇನ್ನೊಬ್ಬರು ಅದನ್ನೆಲ್ಲ ಬಿಟ್ಟು ಮಾಟುಂಗಾದಲ್ಲಿ ಯಾವ ಹೊಟೇಲಿನ ಫಿಲ್ಟರ್ ಕಾಫಿ ಚೆನ್ನಾಗಿರುತ್ತೆ ಎಂದು ಕೇಳಿದರು. ನನ್ನ ಅಭಿಪ್ರಾಯ ಏನೂ ಬದಲಾಗಿಲ್ಲ. ದೋಸೆಯ ಒಳಮೈಗೆ ಕೆಂಪು ಚಟ್ನಿ ಸವರುವುದು ಮೈಸೂರಿನಲ್ಲಿ ಹುಟ್ಟಿ ಬೆಳೆದ ನನಗೂ ಗೊತ್ತು. ಆದರೆ ಕಾವಲಿಯ ಮೇಲೇ ಬೆಣ್ಣೆ, ಟೊಮೆಟೊ, ದೊಡ್ಡ ಮೆಣಸಿನಕಾಯಿ, ಬೀಟ್‌ರೂಟ್ ಎಲ್ಲ ಸುರಿದು, ಪಾವ್‌ಭಾಜಿಯ ಹಾಗೆ ಕುಟ್ಟಿ ಕುಟ್ಟಿ ಹರಡಿ, ಅದಕ್ಕೆ ನಮ್ಮೂರಿನ ಹೆಸರಿಡುವುದು ಯಾವ ನ್ಯಾಯ? ಹಾಗೆಂದು ತಟ್ಟೆಯಲ್ಲಿ ತಂದಿಟ್ಟರೆ ಬಿಡುವವಳೂ ನಾನಲ್ಲ. ತಿನ್ನುವುದು ಬೇರೆ, ಅಭಿಪ್ರಾಯ ಬೇರೆ.

“ನಿನಗೆ ಅಭಿಪ್ರಾಯ ಇಲ್ಲದ ವಿಷಯ ಅಂತ ಈ ಪ್ರಪಂಚದಲ್ಲಿ ಯಾವುದಾದರೂ ಇದೆಯಾ?” ಎಂದು ನಮ್ಮವರು ಆಗಾಗ ಕೇಳುತ್ತಾರೆ. ಯೋಚಿಸಿ ನೋಡಿದೆ. ಷೇರು ಪೇಟೆ ಒಂದನ್ನು ಬಿಟ್ಟರೆ ಬೇರೇನೂ ಹೊಳೆಯಲಿಲ್ಲ.

ಹೌಸಿಯನ್ನೇ ತೆಗೆದುಕೊಳ್ಳಿ. ನಮ್ಮ ಸಂಘದ ವಾರ್ಷಿಕ ವಿಹಾರಕ್ಕೆ ಬಸ್ಸಿನಲ್ಲಿ ಹೊರಟರೆ, ಮುಂಬ್ರಾ ದಾಟುವುದರೊಳಗೆ ಉಪ್ಪಿಟ್ಟಿನ ಡಬ್ಬಿ ಖಾಲಿಯಾಗಿ ಹೌಸಿಯ ಚೀಟಿ ಕೈಗೆ ಬಂದಿರುತ್ತದೆ. ಯಾರೋ ನಂಬರು ಕೂಗುತ್ತಾರೆ, ನಾವು ಹೊಡೆದುಕೊಳ್ಳುತ್ತೇವೆ. ಇದರಲ್ಲಿ ನಾವು ಆಡಿದ್ದೇನು? ಗುಮಾಸ್ತೆಯ ಕೆಲಸ ಇದು, ಆಟವಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ನನಗೆ ಒಂದೇ ಒಂದು ಸಲ ‘ಮೇಲಿನ ಸಾಲು’ ಬಂದದ್ದು ಎಂಬುದಕ್ಕೂ ಈ ಅಭಿಪ್ರಾಯಕ್ಕೂ ಸಂಬಂಧವಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಇನ್ನು ಮಧ್ಯಾಹ್ನ ಎರಡೂವರೆಗೆ, ಕಣ್ಣು ಅದೇ ತಾನೇ ಮುಚ್ಚುವಾಗ, ಪಕ್ಕದ ಮನೆಯವರ ಪಾರ್ಸೆಲ್ಲು ಹಿಡಿದು ನಮ್ಮ ಮನೆಯ ಗಂಟೆ ಒತ್ತುವ ಹುಡುಗರು. ಗ್ಯಾಸ್ ಸಿಲಿಂಡರು ತಂದವನು ಬಾಗಿಲಲ್ಲಿ ನಿಂತು ಓಟಿಪಿ ಕೇಳುವಾಗ ಮಾತ್ರ ಎಲ್ಲಿ ಇಟ್ಟೆವೋ ಸಿಗದ ಮೊಬೈಲು. ಬೆಳಿಗ್ಗೆ ಆರಕ್ಕೇ ಗುಲಾಬಿ ಹೂವಿನ ಚಿತ್ರದೊಂದಿಗೆ ಬರುವ ಹದಿನೇಳು ಸುಪ್ರಭಾತಗಳು. ಮೂವತ್ತು ವರ್ಷದಿಂದ ಇದೇ ಬಿಲ್ಡಿಂಗಿನಲ್ಲಿದ್ದರೂ “ತುಮ್ಹೀ ಮದ್ರಾಸೀ ನಾ?” ಎನ್ನುವ ಎದುರು ಮನೆಯ ಕಾಕೂ. ಇಂಥವನ್ನೆಲ್ಲ ಈ ಅಂಕಣದಲ್ಲಿ ಬರೆದು ಬರೆದು ನಾನೂ ಹಗುರಾಗಿದ್ದೇನೆ, ನೀವೂ ನಕ್ಕಿದ್ದೀರಿ. ಅದರಿಂದ ಯಾರಿಗೂ ನಷ್ಟವಾಗಲಿಲ್ಲ. ಓಟಿಪಿ ನನ್ನ ಮಾತು ಕೇಳಿ ನಿಲ್ಲಲಿಲ್ಲ, ಕಾಕೂ ಈಗಲೂ ನನ್ನನ್ನು ಮದ್ರಾಸಿ ಎಂದೇ ಕರೆಯುತ್ತಾರೆ.

ಆದರೆ ಒಂದೇ ಒಂದು ಸಲ ನನ್ನ ಗೊಣಗಾಟವನ್ನು ಜನ ಕೇಳಿಬಿಟ್ಟರು. ಆ ಕತೆಯನ್ನು ಇಲ್ಲಿಯವರೆಗೆ ನಾನು ಬರೆದಿರಲಿಲ್ಲ.

ನಮ್ಮದು ಡೊಂಬಿವಲಿಯ ಹಳೆಯ ಕಟ್ಟಡ. ನಾಲ್ಕು ಮಹಡಿ, ಇಪ್ಪತ್ನಾಲ್ಕು ಮನೆ, ಲಿಫ್ಟಿಲ್ಲ. ನಾವಿರುವುದು ಮೊದಲ ಮಹಡಿ. ಕೆಳಗೆ ಬ್ಯಾಡ್ಮಿಂಟನ್ ಕೋರ್ಟಿಗಿಂತ ಸ್ವಲ್ಪ ದೊಡ್ಡದಾದ ಆವಾರ, ಅದರ ಅರ್ಧ ಭಾಗ ಸ್ಕೂಟರುಗಳಿಗೆ. ಟೆರೇಸಿನ ಬೀಗದ ಕೈ ಸೊಸೈಟಿಯ ಕಾರ್ಯದರ್ಶಿಯ ಬಳಿ. ಕೇಳಿದರೆ ಕೊಡುತ್ತಾರೆ, ಆದರೆ ಯಾಕೆ, ಏನು, ಎಷ್ಟು ಹೊತ್ತು ಎಂದೆಲ್ಲ ಹೇಳಬೇಕು. ಪಾರಿವಾಳಗಳ ಕಾಟ ಬೇರೆ. ಆದ್ದರಿಂದ ನನ್ನ ಬೇಸಿಗೆಯ ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ ಎಲ್ಲವೂ ನಮ್ಮ ಗ್ಯಾಲರಿಯಲ್ಲೇ. ಅಲ್ಲಿಗೆ ಮಧ್ಯಾಹ್ನ ಹನ್ನೆರಡರಿಂದ ಐದರವರೆಗೆ ಒಳ್ಳೆಯ ಬಿಸಿಲು ಬೀಳುತ್ತದೆ.

ಸಂಡಿಗೆ ಮಾಡುವವರಿಗೆ ಗೊತ್ತು, ಅದೇನು ಒಂದು ದಿನದ ಕೆಲಸವಲ್ಲ. ಅಕ್ಕಿಯನ್ನು ಮೂರು ದಿನ ನೆನೆಹಾಕಿ, ದಿನಾ ನೀರು ಬದಲಿಸಿ, ನುಣ್ಣಗೆ ರುಬ್ಬಬೇಕು. ದೊಡ್ಡ ಪಾತ್ರೆಯಲ್ಲಿ ಉಪ್ಪು, ಇಂಗು, ಜೀರಿಗೆ, ಅರೆದ ಹಸಿಮೆಣಸಿನಕಾಯಿ ಹಾಕಿ ನೀರು ಕುದಿಸಿ, ಹಿಟ್ಟು ಹುಯ್ದು, ಗಂಟಾಗದ ಹಾಗೆ ತಿರುವುತ್ತಾ ನಿಲ್ಲಬೇಕು. ರಟ್ಟೆ ಬಿದ್ದುಹೋಗುತ್ತದೆ. ಬೆಳಿಗ್ಗೆ ಆರಕ್ಕೆ ಶುರು ಮಾಡಿದರೆ ಹತ್ತಕ್ಕೆ ಪ್ಲಾಸ್ಟಿಕ್ ಹಾಳೆಯ ಮೇಲೆ ಚಮಚದಲ್ಲಿ ಬಿಟ್ಟು ಮುಗಿಯುತ್ತದೆ. ಈ ಊರಿನ ಗಾಳಿಯಲ್ಲಿ ತೇವ ಹೆಚ್ಚು. ಮೈಸೂರಿನಲ್ಲಿ ಎರಡು ಬಿಸಿಲಿಗೆ ಒಣಗುವುದು ಇಲ್ಲಿ ನಾಲ್ಕು ಕೇಳುತ್ತದೆ. ಮೇ ಕಳೆದರೆ ಮಳೆ. ಅಂದರೆ ತಪ್ಪಿದರೆ ಆ ವರ್ಷಕ್ಕೆ ತಪ್ಪಿದ ಹಾಗೇ.

2022ರ ಮೇ ತಿಂಗಳು. ಎರಡು ವರ್ಷ ಮನೆಯೊಳಗೆ ಕೂಡಿಹಾಕಿದ್ದ ಮಕ್ಕಳು ಅಣೆಕಟ್ಟಿನ ಬಾಗಿಲು ತೆಗೆದ ಹಾಗೆ ಆವಾರಕ್ಕೆ ನುಗ್ಗಿದ್ದರು. ಬೆಳಿಗ್ಗೆ ಎಂಟಕ್ಕೆ ಶುರುವಾದ ಕ್ರಿಕೆಟ್ಟು ದೀಪ ಹಚ್ಚುವ ಹೊತ್ತಿಗೂ ಮುಗಿಯುತ್ತಿರಲಿಲ್ಲ. ಒಂದು ಭಾನುವಾರ ಸಂಡಿಗೆ ಇಟ್ಟು, ಬೆನ್ನು ನೇರ ಮಾಡೋಣವೆಂದು ಒಳಗೆ ಹೋದೆ. ಧಪ್ ಅಂತ ಸದ್ದಾಯಿತು. ಗಟಾರದಲ್ಲಿ ಮುಳುಗಿ ಬಂದ ಟೆನಿಸ್ ಚೆಂಡು, ಹಾಳೆಯ ಈ ತುದಿಯಿಂದ ಆ ತುದಿಗೆ ಉರುಳಿ, ಹಸಿ ಸಂಡಿಗೆಯ ಮೇಲೆ ಕರಿಯ ರಸ್ತೆ ಮಾಡಿಬಿಟ್ಟಿತ್ತು. ಅರ್ಧಕ್ಕರ್ಧ ಹಾಳು. ಕೆಳಗಿನಿಂದ “ಕಾಕೂ, ಬಾಲ್ ದ್ಯಾ ನಾ!” ಎಂಬ ಕೂಗು.

ನನಗೆ ಬಂದ ಸಿಟ್ಟನ್ನು ಏನು ಹೇಳಲಿ! ಚೆಂಡನ್ನು ಕೊಡಲಿಲ್ಲ. ಕಸದ ಬುಟ್ಟಿಗೆ ಹಾಕಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಸರಿಹೋಗುತ್ತಿತ್ತು. ಕಾಗದ, ಪೆನ್ನು ತೆಗೆದುಕೊಂಡು ಕೂತೆ.

ಇಲ್ಲಿ ನನ್ನ ಬಿ.ಎ. ವಿಷಯ ಹೇಳಬೇಕು. ಮೈಸೂರಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ಷೇಕ್ಸ್‌ಪಿಯರನ ನಾಟಕಗಳ ಮೇಲೆ ಪುಟಗಟ್ಟಲೆ ಉತ್ತರ ಬರೆದು ಪಾಸಾದವಳು ನಾನು. ಮದುವೆಯಾಗಿ ಇಲ್ಲಿ ಬಂದ ಮೇಲೆ ಆ ಇಂಗ್ಲಿಷು ಮಗನ ಹೋಮ್‌ವರ್ಕಿಗೆ, ಬ್ಯಾಂಕಿನ ಫಾರಮ್ಮಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಬಳಕೆಯಾಗಿರಲಿಲ್ಲ. ಆವತ್ತು ಆಯಿತು. ಎಷ್ಟು ವರ್ಷದ ಬಾಕಿಯೋ ಏನೋ, ಒಂದೂವರೆ ಪುಟ ಒಂದೇ ಉಸಿರಿಗೆ ಬಂತು. ‘ಪರ್ಪೆಚುಯಲ್ ನ್ಯೂಸೆನ್ಸ್’ ಎಂದು ಬರೆದೆ. ‘ಇನ್ ದಿ ಲಾರ್ಜರ್ ಇಂಟರೆಸ್ಟ್ ಆಫ್ ದಿ ರೆಸಿಡೆಂಟ್ಸ್’ ಎಂದು ಬರೆದೆ. ವಯಸ್ಸಾದವರಿಗೆ ಅಪಾಯ ಎಂಬ ಮಾತನ್ನೂ ಸೇರಿಸಿದೆ. ಸಂಡಿಗೆಯ ವಿಷಯ ಮಾತ್ರ ಬರೆಯಲಿಲ್ಲ. ಇಂಗ್ಲಿಷಿನಲ್ಲಿ ಅದು ಗಂಭೀರವಾಗಿ ಕಾಣುವುದಿಲ್ಲ ಎನಿಸಿತು.

ಪತ್ರ ಹಿಡಿದು ಸಂಜೆ ಮನೆಮನೆಗೆ ಹೋದೆ. ಸ್ಕೂಟಿಯ ಕನ್ನಡಿ ಒಡೆಸಿಕೊಂಡವರು, ಎಳೆ ಮಗುವಿದ್ದವರು, ಹೀಗೆ ಎಲ್ಲರಿಗೂ ಒಂದೊಂದು ಕಾರಣ ಸಿದ್ಧವಾಗಿತ್ತು. ಇಪ್ಪತ್ನಾಲ್ಕರಲ್ಲಿ ಹದಿನೇಳು ಸಹಿ ಬಂತು. “ವಾ, ಎಷ್ಟು ಚೆನ್ನಾಗಿ ಬರೆದಿದ್ದೀರಿ!” ಎಂದು ಕಾರ್ಯದರ್ಶಿಗಳು ಮೆಚ್ಚಿದಾಗ ನನಗೆ ಹೆಮ್ಮೆಯೂ ಆಯಿತೆಂದು ಒಪ್ಪಿಕೊಳ್ಳುತ್ತೇನೆ. ಒಂದೇ ವಾರದಲ್ಲಿ ಗೇಟಿನ ಪಕ್ಕದ ಗೋಡೆಗೆ ಮರಾಠಿಯ ಬೋರ್ಡು ಬಂತು: ಇಲ್ಲಿ ಚೆಂಡಿನಾಟಕ್ಕೆ ಸಕ್ತ ಮನಾಈ, ತಪ್ಪಿದರೆ ಐನೂರು ರೂಪಾಯಿ ದಂಡ. ನೀರಿನ ಪೈಪು ಸೋರುತ್ತಿದೆ ಎಂದು ಎರಡು ವರ್ಷದಿಂದ ಕೊಟ್ಟ ಅರ್ಜಿ ಹಾಗೇ ಬಿದ್ದಿತ್ತು. ಇದಕ್ಕೆ ಮಾತ್ರ ಒಂದು ವಾರ ಸಾಕಾಯಿತು ನೋಡಿ.

ಇದೆಲ್ಲ ನಡೆಯುವಾಗ ನಮ್ಮತ್ತೆಯವರು ಊರಿನಲ್ಲಿರಲಿಲ್ಲ. ಶಿವಮೊಗ್ಗದಲ್ಲಿ ಮಗಳ ಮನೆಗೆ, ಒಂದು ಮದುವೆಗೆಂದು ಹೋಗಿದ್ದರು.

ಅತ್ತೆಯ ವಿಷಯ ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವರ ತವರು ಭದ್ರಾವತಿ. ಆ ಊರಿನವರಿಗೆ ಎರಡು ಹೆಮ್ಮೆ: ಒಂದು ವಿಶ್ವೇಶ್ವರಯ್ಯನವರ ಕಬ್ಬಿಣದ ಕಾರ್ಖಾನೆ, ಇನ್ನೊಂದು ಗುಂಡಪ್ಪ ವಿಶ್ವನಾಥ್. 1969ರಲ್ಲಿ ಕಾನ್ಪುರದಲ್ಲಿ, ಆಸ್ಟ್ರೇಲಿಯಾದ ವಿರುದ್ಧ ಆಡಿದ ಮೊದಲ ಟೆಸ್ಟಿನಲ್ಲಿ, ಮೊದಲ ಸಲ ಸೊನ್ನೆ, ಎರಡನೆಯ ಸಲ 137 ಹೊಡೆದ ಹುಡುಗ ಆತ. ಆಗ ಅತ್ತೆ ಮುಂಬಯಿಗೆ ಬಂದು ನಾಲ್ಕು ವರ್ಷ. ಭಾಷೆ ಬಾರದು, ನೆಂಟರಿಲ್ಲ, ಒಂದು ಕೋಣೆಯ ಮನೆ. ಮಾವನವರು ರೇಡಿಯೋದಲ್ಲಿ ಕಾಮೆಂಟ್ರಿ ಹಾಕಿದಾಗ ನಮ್ಮೂರಿನ ಹೆಸರು ಕೇಳುತ್ತದೆಯೇನೋ ಎಂದು ಅಕ್ಕಿ ಆರಿಸುತ್ತಾ ಕೂರುತ್ತಿದ್ದರಂತೆ. ಹಾಗೆ ಹತ್ತಿದ ಹುಚ್ಚು. 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಕುಂಬ್ಳೆ ಪಾಕಿಸ್ತಾನದ ಹತ್ತಕ್ಕೆ ಹತ್ತೂ ವಿಕೆಟ್ಟು ತೆಗೆದ ದಿನ ನಮ್ಮ ಮನೆಯಲ್ಲಿ ಸಜ್ಜಿಗೆಯಾಗಿತ್ತು. ಮಾಡಿದ್ದು ನಾನು, ಅಪ್ಪಣೆ ಅವರದು.

ಅಂಥವರು ಗ್ಯಾಲರಿಯ ಕುರ್ಚಿಯಲ್ಲಿ ಕೂತು, ಸಂಜೆ ಐದರಿಂದ ಏಳರವರೆಗೆ ಕೆಳಗಿನ ಹುಡುಗರ ಅಂಪೈರು. ನನಗಿದು ತಮಾಷೆಯಾಗಿ ಕಾಣುತ್ತಿತ್ತೇ ಹೊರತು ಅದರ ಬೆಲೆ ತಿಳಿದಿರಲಿಲ್ಲ. ಮಡಿಲಲ್ಲಿ ಸ್ಟೀಲಿನ ಬಟ್ಟಲು, ಅದರಲ್ಲಿ ಆರು ಹುಣಸೆ ಬೀಜ. ಒಂದೊಂದು ಚೆಂಡಿಗೆ ಒಂದೊಂದು ಬೀಜ ಎಡಗೈಯಿಂದ ಬಲಗೈಗೆ. ಆರಾದರೆ “ಓವರ್!” ಎಂದು ಮೇಲಿನಿಂದ ಕೂಗು. ಆ ಆವಾರದ ಕಾನೂನುಗಳನ್ನು ನೀವು ಕೇಳಬೇಕು: ನೇರ ಗ್ಯಾಲರಿಯೊಳಗೆ ಬಿದ್ದರೆ ಔಟು. ಒಂದು ಟಿಪ್ಪು ಬಿದ್ದದ್ದನ್ನು ಒಂದೇ ಕೈಯಲ್ಲಿ ಹಿಡಿದರೂ ಔಟು. ಗೋಡೆ ದಾಟಿದರೆ ಔಟು, ಮತ್ತು ಹೊಡೆದವನೇ ಹೋಗಿ ತರಬೇಕು. ಜಗಳವಾದರೆ ಎಲ್ಲ ತಲೆಗಳೂ ಮೇಲಕ್ಕೆ: “ಆಜೀ, ಔಟ್ ಕಾ?” ಆಜಿ ಯೋಚಿಸಿ ಬೆರಳೆತ್ತುವರು. ಅಲ್ಲಿಗೆ ಮುಗಿಯಿತು, ಮತ್ತೆ ಮಾತಿಲ್ಲ. ಅರುವತ್ತು ವರ್ಷಕ್ಕೆ ಹತ್ತಿರವಾದರೂ ತರಕಾರಿಯವನ ಹತ್ತಿರ ತಡವರಿಸುವ ಅವರ ಮರಾಠಿ ಈ ಎರಡು ಗಂಟೆ ಮಾತ್ರ ಹೇಗೆ ಹರಿಯುತ್ತಿತ್ತೋ!

ಮದುವೆ ಮುಗಿಸಿ ಬಂದ ಮರುದಿನ ಸಂಜೆ ಬಟ್ಟಲು ಹಿಡಿದು ಗ್ಯಾಲರಿಯಲ್ಲಿ ಕೂತರು. ಐದೂಕಾಲಾಯಿತು, ಐದೂವರೆಯಾಯಿತು.

“ಹುಡುಗರೆಲ್ಲಿ ಕಣೇ? ಪರೀಕ್ಷೆನಾ?”

“ಇರಬಹುದು ಅತ್ತೆ” ಎಂದೆ. ಮೇ ತಿಂಗಳಲ್ಲಿ ಯಾವ ಪರೀಕ್ಷೆ! ಅವರು ನನ್ನ ಮುಖವನ್ನೊಮ್ಮೆ ನೋಡಿದರು, ಏನೂ ಅನ್ನಲಿಲ್ಲ.

ವಿಷಯ ಹೇಳಿದ್ದು ಮೂರನೇ ಮಹಡಿಯ ಹುಡುಗ. ಅವನು ಅತ್ತೆಗೆ ಬಿಪಿ ಮಾತ್ರೆ ತಂದುಕೊಡುವವನು. ಚಿಲ್ಲರೆ ಎಣಿಸಿ ಕೊಟ್ಟು, ಬಾಗಿಲಲ್ಲೇ ನಿಂತು ಮರಾಠಿಯಲ್ಲಿ ಹೇಳಿದ: “ಆಜಿ, ಇನ್ನು ಆಟ ಇಲ್ಲ. ಕಾಕೂನೇ ಪತ್ರ ಬರೆದದ್ದು.” ದೂರು ಹೇಳುವ ದನಿಯಲ್ಲೇನೂ ಅಲ್ಲ. ಇವತ್ತು ಹಾಲು ಬಂದಿಲ್ಲ ಎನ್ನುವ ಹಾಗೆ ಹೇಳಿದ. ನಾನು ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಅತ್ತೆ ಬಂದು ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಅವತ್ತು ರಾತ್ರಿ ಊಟಕ್ಕೆ ಹಾಕಿದ, ಉಳಿದರ್ಧದ ಸಂಡಿಗೆಯನ್ನು ತಟ್ಟೆಯ ಬದಿಗಿಟ್ಟರು. ಅಷ್ಟೇ. ಮರುದಿನದಿಂದ ಕುರ್ಚಿ ಹಾಲಿಗೆ ಬಂತು, ಟೀವಿಯ ಮುಂದೆ. ಧಾರಾವಾಹಿ ನೋಡುವವರಲ್ಲ ಅವರು. ಆದರೂ ಕೂತು ನೋಡಿದರು.

ನಿಜ ಹೇಳುತ್ತೇನೆ, ಮೊದಲ ಒಂದೆರಡು ತಿಂಗಳು ನನಗೆ ನೆಮ್ಮದಿಯೇ ಆಗಿತ್ತು. ಮಧ್ಯಾಹ್ನದ ನಿದ್ದೆ ಸಿಕ್ಕಿತು. ಗ್ಯಾಲರಿಯ ಗಾಜು ಒಡೆಯಲಿಲ್ಲ. ಮಳೆಗಾಲ ಮುಗಿದು ಅಕ್ಟೋಬರಿನ ಬಿಸಿಲು ಬಂದಾಗ ಸಬ್ಬಕ್ಕಿ ಸಂಡಿಗೆ ನಿಶ್ಚಿಂತೆಯಿಂದ ಒಣಗಿತು. ಹುಡುಗರು ಎಲ್ಲಿ ಹೋದರು ಎಂದರೆ, ಎಲ್ಲೂ ಹೋಗಿರಲಿಲ್ಲ. ಮೆಟ್ಟಿಲ ಮೇಲೆ ಸಾಲಾಗಿ ಕೂತು ಮೊಬೈಲಿನಲ್ಲಿ ಲೂಡೋ ಆಡುತ್ತಿದ್ದರು. ನಾನು ತರಕಾರಿ ಚೀಲ ಹಿಡಿದು ಹತ್ತಿದರೆ ಮಾತಿಲ್ಲದೆ ಕಾಲು ಮಡಚಿ ದಾರಿ ಬಿಡುತ್ತಿದ್ದರು. ಮೊದಲೆಲ್ಲ ಚೀಲ ಕಿತ್ತುಕೊಂಡು ಮೇಲೆ ತಂದಿಡುತ್ತಿದ್ದ ಮಕ್ಕಳು.

ಆ ಲೂಡೋ ನಮ್ಮ ಪಗಡೆಯ ಮೊಮ್ಮಗುವೇ. ಪಚೀಸಿಯನ್ನು ನೋಡಿ ಇಂಗ್ಲೆಂಡಿನವರು 1896ರಲ್ಲಿ ಪೇಟೆಂಟು ಮಾಡಿಕೊಂಡ ಆಟ. ಅದನ್ನೇ 2016ರಲ್ಲಿ ಇಲ್ಲೇ ನವಿ ಮುಂಬಯಿಯ ಕಂಪನಿಯೊಂದು ಮೊಬೈಲಿಗೆ ಹಾಕಿತು. 2020ರ ಲಾಕ್‌ಡೌನಿನಲ್ಲಿ ಹೈದರಾಬಾದಿನ ಮಗನ ಜತೆ ನಾನೂ ಆಡಿದ್ದೇನೆ. ಅಲ್ಲಗಳೆಯುವುದಿಲ್ಲ, ಆಗ ಅದು ದೊಡ್ಡ ಸಮಾಧಾನ. ಆದರೆ ದಾಳ ಉರುಳಿಸುವುದೂ ಅದೇ, ಎಣಿಸುವುದೂ ಅದೇ, ಕಾಯಿ ನಡೆಸುವುದೂ ಅದೇ. ಮೋಸ ಮಾಡುವುದಕ್ಕೇ ಜಾಗವಿಲ್ಲದ ಆಟದಲ್ಲಿ ಜಗಳ ಎಲ್ಲಿಂದ ಬರಬೇಕು? ಹೌಸಿಯ ತಮ್ಮ ಅದು.

ಅತ್ತೆಯನ್ನು ಟೀವಿಯ ಮುಂದಿನಿಂದ ಏಳಿಸಬೇಕೆಂದು 2023ರ ಮಳೆಗಾಲದಲ್ಲಿ ಹಾಲಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದೆ. ಐದು ಅಡ್ಡ, ಐದು ಉದ್ದ, ಒಟ್ಟು ಇಪ್ಪತ್ತೈದು. ನಾಲ್ಕೂ ಬದಿಯ ನಡುವಿನ ಮನೆಗೆ, ಮಧ್ಯದ ಮನೆಗೆ ಕಟ್ಟೆ ಗುರುತು. ಕವಡೆ ಇರಲಿಲ್ಲ. ಓವರ್ ಎಣಿಸುವ ಬೀಜಗಳಲ್ಲೇ ನಾಲ್ಕನ್ನು ಒಂದು ಬದಿ ನೆಲಕ್ಕೆ ಉಜ್ಜಿ ಬಿಳಿ ಮಾಡಿದೆವು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಬಾರ, ಅಂದರೆ ಎಂಟು, ಎರಡಕ್ಕೂ ಇನ್ನೊಂದು ಸಲ ಹಾಕಬಹುದು. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಮಧ್ಯದ ಮನೆ ಸೇರಿದರೆ ಕಾಯಿ ಹಣ್ಣಾಯಿತು ಎನ್ನುತ್ತೇವೆ. ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಹೊಸ ಮಣೆಯಾಟಗಳನ್ನು ರಚಿಸಿದ ಊರಿನವಳು ನಾನು. ಆದರೂ ಎಂಬತ್ತು ದಾಟಿದ ಅತ್ತೆಯ ಮುಂದೆ ಮೂರು ದಿನದಲ್ಲಿ ಒಂಬತ್ತು ಆಟ ಸೋತೆ.

ಹತ್ತನೆಯದರಲ್ಲಿ ಎಡವಟ್ಟು ಮಾಡಿಕೊಂಡೆ. ಕಟ್ಟೆಯಲ್ಲಿದ್ದ ಕಾಯನ್ನು ಎತ್ತಿ ಅವರ ಕಾಯಿಯ ಮುಂದೆ ಇಟ್ಟುಬಿಟ್ಟೆ. “ಅಯ್ಯೋ, ನೋಡಲಿಲ್ಲ ಅತ್ತೆ, ವಾಪಸ್ಸು ತಗೋತೀನಿ” ಎಂದೆ.

“ಇಟ್ಟ ಕಾಯಿ ಇಟ್ಟಿದ್ದೇ.” ಕಡಿದು ಹಾಕಿದರು. ಸ್ವಲ್ಪ ಹೊತ್ತು ಬೀಜ ಕುಲುಕುತ್ತಾ ಕೂತು, “ಕ್ರಿಕೆಟ್ಟಿನಲ್ಲಿ ಹಾಗಲ್ಲ ನೋಡು” ಎಂದರು.

ನನಗೆ ಅರ್ಥವಾಗಲಿಲ್ಲ. ಆಗ ಅವರು ಹೇಳಿದ್ದು 1980ರ ಫೆಬ್ರವರಿಯ ಕತೆ. ನಮ್ಮ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವಕ್ಕೆಂದು ವಾಂಖೆಡೆಯಲ್ಲಿ ಇಂಗ್ಲೆಂಡಿನ ಜತೆ ಒಂದೇ ಒಂದು ಟೆಸ್ಟು. ನಮ್ಮ ನಾಯಕ ವಿಶ್ವನಾಥ್. ಎರಡನೆಯ ದಿನ, 16ನೇ ತಾರೀಕು, ಸೂರ್ಯಗ್ರಹಣ. ಅವತ್ತು ಆಟಕ್ಕೆ ರಜೆ, ಮನೆಯಲ್ಲಿ ಒಲೆಗೂ ರಜೆ, ಎಂದು ಅತ್ತೆ ನಕ್ಕರು. ಮರುದಿನ ಇಂಗ್ಲೆಂಡಿನ ಐದು ವಿಕೆಟ್ಟು ಬೇಗ ಬಿದ್ದಿದ್ದವು. ಬೋಥಮ್ ಜತೆ ಆಡುತ್ತಿದ್ದ ಬಾಬ್ ಟೇಲರ್ ಕೀಪರಿಗೆ ಕ್ಯಾಚು ಕೊಟ್ಟನೆಂದು ಅಂಪೈರು ಬೆರಳೆತ್ತಿದರು. ಟೇಲರ್ ಹೋಗಲಾರದೆ ಹೋಗಲಾರದೆ ನಿಂತ. ಸ್ಲಿಪ್ಪಿನಲ್ಲಿದ್ದ ವಿಶ್ವನಾಥ್‌ಗೆ ಬ್ಯಾಟಿಗೆ ಚೆಂಡು ತಾಕಿಲ್ಲವೆನಿಸಿತು. ಅಂಪೈರಿಗೆ ಹೇಳಿ ಅವನನ್ನು ವಾಪಸ್ಸು ಕರೆಸಿದರು.

“ಆಮೇಲೆ?” ಎಂದೆ. ನಾನಾಗ ಇನ್ನೂ ಪ್ರೈಮರಿ ಶಾಲೆಯವಳು.

“ಆಮೇಲೇನು, ಅವರಿಬ್ಬರೂ ಸೇರಿ 171 ಹೊಡೆದರು. ನಾವು ಹತ್ತು ವಿಕೆಟ್ಟಿಗೆ ಸೋತೆವು. ನಿಮ್ಮ ಮಾವ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ, ನಾನೇ ಕರೆದ ಹಾಗೆ!”

ಬೀಜ ಹಾಕಿದರು. ಬಾರ ಬಿತ್ತು. ಅವರ ಕೊನೆಯ ಕಾಯಿ ಹಣ್ಣಾಯಿತು. ಪತ್ರದ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ಆ ರಾತ್ರಿ ಎರಡನೆಯ ಪತ್ರ ಬರೆದೆ.

ಮೊದಲನೆಯದು ಬಂದಷ್ಟು ಸಲೀಸಾಗಿ ಇದು ಬರಲಿಲ್ಲ. ನಾಲ್ಕು ಸಲ ಹರಿದು ಹಾಕಿದೆ. ಕೊನೆಗೆ ನಾಲ್ಕೇ ಸಾಲು. ಕಾರ್ಯದರ್ಶಿಗಳು ಓದಿ, “ಬೋರ್ಡು ತೆಗೆಯುವುದು ನನ್ನ ಕೈಯಲ್ಲಿಲ್ಲ ವಹಿನಿ, ವಾರ್ಷಿಕ ಸಭೆಗೆ ಬರಬೇಕು” ಎಂದರು. ನಮ್ಮ ಮಹಾರಾಷ್ಟ್ರದ ಸೊಸೈಟಿಗಳಲ್ಲಿ ಆ ಸಭೆ ಸೆಪ್ಟೆಂಬರ್ ಮುಗಿಯುವುದರೊಳಗೆ ಆಗಬೇಕು. ಆದ್ದರಿಂದ ಅದು ಯಾವಾಗಲೂ ಸೆಪ್ಟೆಂಬರಿನ ಕೊನೆಯ ಭಾನುವಾರವೇ ಆಗುವುದು.

ಸಭೆಯಲ್ಲಿ ಒಂದು ಗಂಟೆ ಪಾರ್ಕಿಂಗು, ಒಂದು ಗಂಟೆ ಸೋರುವ ಪೈಪು, ಉಳಿದದ್ದು ಕಟ್ಟಡ ಕೆಡವಿ ಹೊಸದು ಕಟ್ಟಿಸುವ ಮಾತು. ಎಲ್ಲರೂ ಸಮೋಸದ ಪೊಟ್ಟಣದ ಕಡೆ ನೋಡುವ ಹೊತ್ತಿಗೆ ನನ್ನ ಸರದಿ. ಎದ್ದು ನಿಂತೆ. ಕೈಕಾಲು ನಡುಗುತ್ತಿತ್ತು. ನನ್ನ ಮರಾಠಿ ಬಾಜಾರಕ್ಕೆ ಸಾಕು, ಭಾಷಣಕ್ಕೆ ಸಾಲದು. ಇಂಗ್ಲಿಷಿನಲ್ಲಿ ಮಾತ್ರ ಮಾತನಾಡಬಾರದು ಎಂದು ಮೊದಲೇ ನಿಶ್ಚಯಿಸಿದ್ದೆ. “ಮಕ್ಕಳಿಗೆ ಆಡಲು ಬಿಡಿ, ನನ್ನ ತಪ್ಪಾಯಿತು” ಎನ್ನುವಷ್ಟನ್ನು ಹೇಗೋ ಹೇಳಿದೆ. ಲಿಂಗ, ವಚನ ಎಲ್ಲ ಎಕ್ಕುಟ್ಟಿಹೋಗಿ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಅಷ್ಟರಲ್ಲಿ ಖಜಾಂಚಿಗಳು ಫೈಲು ತೆರೆದು, “ಹಿಂದೆ ಇದೇ ಸದಸ್ಯರು ಏನು ಬರೆದಿದ್ದರು ಎಂಬುದು ಸಭೆಗೆ ತಿಳಿದಿರಲಿ” ಎಂದು ನನ್ನ ಮೊದಲ ಪತ್ರವನ್ನು ಗಟ್ಟಿಯಾಗಿ ಓದಿದರು. ಒಂದೂವರೆ ಪುಟ. ‘ಪರ್ಪೆಚುಯಲ್ ನ್ಯೂಸೆನ್ಸ್’ ಬಂದಾಗ ಎರಡು ಸಲ ಓದಿದರು. ಮೂರನೇ ಮಹಡಿಯ ಹುಡುಗನ ತಾಯಿ ನನ್ನ ಪಕ್ಕದಲ್ಲೇ ಕೂತಿದ್ದರು. ನ್ಯೂಸೆನ್ಸ್ ಎಂದರೆ ಏನೆಂದು ಅವರು ನನ್ನನ್ನು ಕೇಳಲಿಲ್ಲ, ಅವರಿಗೆ ಗೊತ್ತಿತ್ತು. ಅಲ್ಲೇ ಭೂಮಿ ಬಾಯ್ಬಿಟ್ಟಿದ್ದರೆ ಸೀತಮ್ಮನ ಹಿಂದೆಯೇ ಇಳಿದುಬಿಡುತ್ತಿದ್ದೆ.

ಕೈ ಎತ್ತಿಸಿದರು. ಪರವಾಗಿ ಹನ್ನೊಂದು, ವಿರುದ್ಧ ಒಂಬತ್ತು. ನಮ್ಮವರು ಯಾವಾಗ ಬಂದು ಹಿಂದೆ ನಿಂತಿದ್ದರೋ ಗೊತ್ತಿಲ್ಲ, ಕೈ ಎತ್ತಹೋದರು. ಮನೆಗೊಂದೇ ಮತ ಎಂದು ಇಳಿಸಿದರು. ದೊಡ್ಡ ಬೋರ್ಡು ತೆಗೆಯಲಿಲ್ಲ. ಅದರ ಕೆಳಗೆ ಸಣ್ಣದೊಂದು ಬಂತು: ಸಂಜೆ ಐದರಿಂದ ಏಳು, ಪ್ಲಾಸ್ಟಿಕ್ ಚೆಂಡು ಮಾತ್ರ.

ಗೆದ್ದೆನೆಂದು ಅತ್ತೆಗೆ ಹೇಳಲು ಮೆಟ್ಟಿಲು ಎರಡೆರಡು ಹತ್ತಿ ಬಂದೆ. ಅವರು ಕುರ್ಚಿಯನ್ನು ಗ್ಯಾಲರಿಗೆ ಹಾಕಿಸಿಕೊಂಡರು. ಮರುದಿನ ಐದಕ್ಕೆ ಬಟ್ಟಲು ಹಿಡಿದು ಕೂತರು. ಯಾರೂ ಬರಲಿಲ್ಲ.

ಒಂದು ವರ್ಷ ನಾಲ್ಕು ತಿಂಗಳಲ್ಲಿ ಮಕ್ಕಳು ಎಷ್ಟು ಬೆಳೆಯುತ್ತಾರೆ ಎಂಬ ಲೆಕ್ಕ ನನಗಿರಲಿಲ್ಲ ನೋಡಿ. ಮೂರನೇ ಮಹಡಿಯವನು ಹತ್ತನೇ ಕ್ಲಾಸಿನ ಕೋಚಿಂಗಿಗೆ ಹೋಗುತ್ತಿದ್ದ. ಒಳ್ಳೆಯ ಬೌಲಿಂಗು ಮಾಡುತ್ತಿದ್ದ ಅಣ್ಣತಮ್ಮಂದಿರ ಮನೆಯವರು ಬದಲಾಪುರಕ್ಕೆ ಹೋಗಿದ್ದರು. ಇನ್ನಿಬ್ಬರಿಗೆ ಮೀಸೆ ಚಿಗುರಿತ್ತು, ಆವಾರದಲ್ಲಿ ಪ್ಲಾಸ್ಟಿಕ್ ಚೆಂಡಿನಲ್ಲಿ ಆಡುವುದು ಅವರಿಗೆ ಅವಮಾನ. ಅವರ ಹಿಂದಿನ ಸಣ್ಣ ಮಕ್ಕಳು ದೊಡ್ಡವರನ್ನು ನೋಡಿಯೇ ಇರಲಿಲ್ಲವಲ್ಲ, ಅವರಿಗೆ ಬ್ಯಾಟು ಹಿಡಿಯುವುದಿರಲಿ, ಪಾಳಿ ಹಚ್ಚಿಕೊಳ್ಳುವುದೂ ತಿಳಿಯದು.

ಅತ್ತೆ ಒಂಬತ್ತು ದಿನ ಹಾಗೇ ಕೂತರು. ಹತ್ತನೆಯ ದಿನ ಮೆಟ್ಟಿಲ ಮೇಲೆ ಮೊಬೈಲು ಹಿಡಿದಿದ್ದ ಎರಡು ಚಿಳ್ಳೆಗಳನ್ನು ಮೇಲಿನಿಂದಲೇ ಕರೆದು, ನೀನು ಅಲ್ಲಿ ನಿಲ್ಲು, ನೀನು ಇಲ್ಲಿ ನಿಲ್ಲು ಎಂದು ಶುರು ಮಾಡಿದರು. ಚೆಂಡು ಇರಲಿಲ್ಲ. ನಮ್ಮವರು ಚಪ್ಪಲಿ ಮೆಟ್ಟಿಕೊಂಡು ಹೋಗಿ ತಂದರು. ಈಗ ಐದಾರು ಮಂದಿ ಆಗಿದ್ದಾರೆ, ಅದರಲ್ಲಿ ಇಬ್ಬರು ಹೆಣ್ಣುಮಕ್ಕಳು. ಆಟ ಅಷ್ಟಕ್ಕಷ್ಟೇ ಎಂದು ಅತ್ತೆಯ ಅಭಿಪ್ರಾಯ, ಜಗಳ ಮಾತ್ರ ಚೆನ್ನಾಗಿ ಆಡುತ್ತಾರಂತೆ. ಮೂರನೇ ಮಹಡಿಯ ಹುಡುಗ ಈಗಲೂ ಮಾತ್ರೆ ತಂದುಕೊಡುತ್ತಾನೆ. ನನ್ನ ಜತೆ ಮಾತನಾಡುತ್ತಾನೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ. ಮೊದಲಿನ ಹಾಗಲ್ಲ.

ಈ ಸಲ ಸಂಡಿಗೆಗೆ ಅಕ್ಕಿ ನೆನೆಹಾಕುವಾಗ ಅತ್ತೆಯನ್ನು ಕೇಳಿದೆ, “ಭಾನುವಾರ ಇಡಲಾ?” ಎಂದು. “ಭಾನುವಾರ ಬೇಡ ಕಣೇ, ಪಕ್ಕದ ಬಿಲ್ಡಿಂಗಿನ ಮಕ್ಕಳ ಜತೆ ಮ್ಯಾಚಿದೆ” ಎಂದರು. ಮಂಗಳವಾರ ಇಟ್ಟೆ. ಬುಧವಾರ ಮೋಡ, ಗುರುವಾರವೂ ಮೋಡ, ಶುಕ್ರವಾರ ಫ್ಯಾನಿನ ಕೆಳಗೆ ಒಣಗಿಸಿದೆ. ಎಣ್ಣೆಗೆ ಹಾಕಿದರೆ ಅರಳುತ್ತದೆ, ಆದರೆ ಸ್ವಲ್ಪ ಹುಳಿ ಬಂದಿದೆ. ಬೈದುಕೊಂಡು ತಿನ್ನುತ್ತಿದ್ದೇವೆ.

ಅಂದ ಹಾಗೆ, ಓದುಗರಲ್ಲಿ ಒಂದು ವಿನಂತಿ. ನಿಮ್ಮ ಯಾರ ಮನೆಯಲ್ಲಾದರೂ ಅಜ್ಜಿಯ ಕಾಲದ ನಿಜವಾದ ಕವಡೆಗಳಿದ್ದರೆ, ನಾಲ್ಕು ಸಾಕು, ಮುಂದಿನ ಸಂಘದ ಸಭೆಗೆ ಬರುವಾಗ ತನ್ನಿ. ನಮ್ಮ ಹುಣಸೆ ಬೀಜಗಳನ್ನೆಲ್ಲ ಆ ಮಕ್ಕಳು ತಾವೇ ಓವರ್ ಎಣಿಸುತ್ತೇವೆಂದು ತೆಗೆದುಕೊಂಡು ಹೋಗಿ ಕಳೆದುಹಾಕಿದ್ದಾರೆ. ಮಳೆಗಾಲ ಬಂತು, ನನ್ನ ಲೆಕ್ಕದಲ್ಲಿ ಅತ್ತೆಗೆ ಇನ್ನೂ ಹತ್ತು ಆಟ ಬಾಕಿ ಇದೆ.